ಶೋಧಕಿ ಮೆಲಿಟಾ ಬೆಂಟ್ಸ್

ಹೊಸ ವಸ್ತುಗಳನ್ನು ಕಂಡುಹಿಡಿದು ಲೋಕಕ್ಕೆ ಉಪಕಾರ ಮಾಡಿದವರು ಅನೇಕರು. ಅವರಲ್ಲಿ ಕೆಲವರಿಗೆ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಗಳು ದೊರೆತವು; ಮತ್ತೆ ಕೆಲವರಿಗೆ ಅರಸರ ಹಾಗೂ ಸಿರಿವಂತರ ನೆರವು ಒದಗಿತು. ಇವಾವುವೂ ಇಲ್ಲದೆ, ಮನೆಯನ್ನೇ ಪ್ರಯೋಗಶಾಲೆಯನ್ನಾಗಿಯೂ ಕೈಗೆ ಸಿಕ್ಕಿದ್ದನ್ನೇ ಉಪಕರಣವನ್ನಾಗಿಯೂ ಮಾಡಿಕೊಂಡವರು ವಿರಳ. ಜರ್ಮನಿಯ ಮೆಲಿಟಾ ಬೆಂಟ್ಸ್ ಅಂತಹ ವಿರಳರ ಸಾಲಿಗೆ ಸೇರಿದವಳು. ಒಂದು ಹಿತ್ತಾಳೆಯ ಪಾತ್ರೆ, ಒಂದು ಮೊಳೆ, ಶಾಲಾಬಾಲಕನ ಪುಸ್ತಕದಿಂದ ತೆಗೆದ ಒಂದು ಹಾಳೆ ಒತ್ತುಕಾಗದ, ಇಷ್ಟೇ ಆಕೆಯ ಸಾಮಗ್ರಿ. ಆದರೆ ಆಕೆ ಕಂಡುಕೊಂಡ ವಿಧಾನ ಇಂದಿಗೂ ಕೋಟ್ಯಂತರ ಮನೆಗಳಲ್ಲಿ ಬಳಕೆಯಲ್ಲಿದೆ.

ಮೆಲಿಟಾ 1873ರ ಜನವರಿ 31ರಂದು ಡ್ರೆಸ್ಡೆನ್ ನಗರದಲ್ಲಿ ಜನಿಸಿದಳು. ಎಲ್ಬ್ ನದಿಯ ದಡದಲ್ಲಿರುವ ಈ ನಗರ ಆಗ ಸ್ಯಾಕ್ಸನಿ ರಾಜ್ಯದ ರಾಜಧಾನಿಯಾಗಿತ್ತು. ಆಕೆಯ ತಂದೆ ಪುಸ್ತಕ ವ್ಯಾಪಾರಿ. ಹೀಗಾಗಿ ವ್ಯಾಪಾರದ ಲಾಭನಷ್ಟಗಳು ಮೆಲಿಟಾಳಿಗೆ ಬಾಲ್ಯದಿಂದಲೇ ಪರಿಚಿತವಾಗಿದ್ದವು. ಪ್ರಾಯಕ್ಕೆ ಬಂದ ಮೇಲೆ ಆಕೆ ಹ್ಯೂಗೋ ಬೆಂಟ್ಸ್ ಎಂಬಾತನನ್ನು ವಿವಾಹವಾದಳು. ವಿಲ್ಲಿ, ಹಾರ್ಸ್ಟ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಮುಂದೆ ಹೆರ್ಟಾ ಎಂಬ ಮಗಳೂ ಹುಟ್ಟಿದಳು. ಮೂವತ್ತೈದನೆಯ ವಯಸ್ಸಿನವರೆಗೆ ಮೆಲಿಟಾಳ ಜೀವನ ಇತರ ಸಾಮಾನ್ಯ ಗೃಹಿಣಿಯರ ಜೀವನದಂತೆಯೇ ಸಾಗಿತು.

ಸ್ಯಾಕ್ಸನಿಯ ಜನ ಕಾಫಿಪ್ರಿಯರೆಂದು ಜರ್ಮನಿಯಲ್ಲೆಲ್ಲ ಹೆಸರಾದವರು. ಆದರೆ ಕಾಫಿಬೀಜ ಹೊರದೇಶಗಳಿಂದ ಬರಬೇಕಾಗಿದ್ದುದರಿಂದ ದುಬಾರಿಯಾಗಿತ್ತು. ಬಡವರ ಮನೆಯಲ್ಲಿ ಚಿಟಿಕೆ ಪುಡಿಗೆ ಬಹಳ ನೀರು ಬೆರೆಸುತ್ತಿದ್ದರು. ಬಟ್ಟಲಿನ ತಳದಲ್ಲಿ ಚಿತ್ರಿಸಿದ ಹೂವು ಕಾಣುವಷ್ಟು ತೆಳುವಾದ ಆ ಪಾನೀಯಕ್ಕೆ ಪುಟ್ಟ ಹೂವಿನ ಕಾಫಿ ಎಂಬ ವಿನೋದದ ಹೆಸರೇ ಬಂದಿತ್ತು. ಪುಡಿಯನ್ನು ಧಾರಾಳವಾಗಿ ಹಾಕುವವರ ಮನೆಯಲ್ಲಿಯೂ ಕಾಫಿ ಚೆನ್ನಾಗಿರುತ್ತಿತ್ತೆಂದು ಹೇಳುವಂತಿರಲಿಲ್ಲ. ಪುಡಿಯನ್ನು ನೀರಿನಲ್ಲಿ ಹಾಕಿ ಕುದಿಸಿದರೆ ಕಹಿ ಹೆಚ್ಚುತ್ತಿತ್ತು. ಗಸಿ ಬಟ್ಟಲಿಗೆ ಇಳಿದು ಕುಡಿಯುವವರ ನಾಲಗೆಗೆ ತಗಲುತ್ತಿತ್ತು. ಬಟ್ಟೆಯಲ್ಲಿ ಸೋಸಿದರೆ ಗಸಿ ನಿಲ್ಲುತ್ತಿತ್ತು, ನಿಜ. ಆದರೆ ಆ ಬಟ್ಟೆಯನ್ನು ಪ್ರತಿಸಲವೂ ಒಗೆದು ಒಣಗಿಸಬೇಕಾಗಿತ್ತು. ಎಷ್ಟು ಒಗೆದರೂ ಹಿಂದಿನ ದಿನದ ಎಣ್ಣೆಯ ಜಿಡ್ಡು ಅದರಲ್ಲಿ ಉಳಿದು, ಮರುದಿನದ ಕಾಫಿಗೆ ಮುಗ್ಗಲು ವಾಸನೆಯನ್ನು ತರುತ್ತಿತ್ತು.

ಈ ತೊಂದರೆಯನ್ನು ಲಕ್ಷಾಂತರ ಗೃಹಿಣಿಯರು ದಿನವೂ ಅನುಭವಿಸುತ್ತಿದ್ದರು. ಅದು ಇರತಕ್ಕದ್ದೇ ಎಂದು ಎಲ್ಲರೂ ಸುಮ್ಮನಿದ್ದರು, ಮೆಲಿಟಾ ಸುಮ್ಮನಿರಲಿಲ್ಲ. ಹಲವು ಬಗೆಯಲ್ಲಿ ಪ್ರಯತ್ನಿಸಿದ ಮೇಲೆ 1908ರಲ್ಲಿ ಆಕೆಗೆ ಒಂದು ಉಪಾಯ ಹೊಳೆಯಿತು. ಹಿತ್ತಾಳೆಯ ಪಾತ್ರೆಯೊಂದರ ತಳಕ್ಕೆ ಮೊಳೆಯಿಂದ ತೂತುಗಳನ್ನು ಹೊಡೆದಳು. ಹಿರಿಯ ಮಗ ವಿಲ್ಲಿಯ ಶಾಲೆಯ ಪುಸ್ತಕದಲ್ಲಿ ಮಸಿ ಹೀರುವುದಕ್ಕೆಂದು ಇಟ್ಟಿದ್ದ ಒತ್ತುಕಾಗದವನ್ನು ತೆಗೆದು, ದುಂಡಗೆ ಕತ್ತರಿಸಿ ತೂತುಗಳ ಮೇಲೆ ಹಾಸಿದಳು. ಅದರ ಮೇಲೆ ಕಾಫಿಪುಡಿಯನ್ನು ಹರವಿ ಬಿಸಿನೀರನ್ನು ಸುರಿದಳು. ನೀರು ಪುಡಿಯ ಮೂಲಕ ಇಳಿದು, ಕಾಗದದಲ್ಲಿ ಸೋಸಿ, ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಬಿದ್ದಿತು. ಗಸಿಯಿಲ್ಲದ, ಕಹಿ ಕಡಿಮೆಯಾದ, ತಿಳಿಯಾದ ಕಾಫಿ ಸಿದ್ಧವಾಯಿತು. ಚರಟವನ್ನು ಕಾಗದದೊಡನೆಯೇ ಎತ್ತಿ ಎಸೆಯಬಹುದಾಗಿತ್ತು. ಬಟ್ಟೆ ಒಗೆಯುವ ಕೆಲಸವೂ ತಪ್ಪಿತು.

ಕನ್ನಡ ನಾಡಿನ ಮನೆಗಳಲ್ಲಿ ಬಳಸುವ ಎರಡು ಅಂತಸ್ತಿನ ಕಾಫಿ ಫಿಲ್ಟರನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಇಲ್ಲಿಯೂ ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ರಂಧ್ರಗಳಿವೆ. ಡಿಕಾಕ್ಷನ್ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಆದರೆ ನಮ್ಮ ಫಿಲ್ಟರಿನಲ್ಲಿ ಸೋಸುವ ಕೆಲಸ ಲೋಹದ್ದು. ಹಾಲಿಗೆ ಬೆರೆಸುವುದಕ್ಕೆ ತಕ್ಕ ಗಟ್ಟಿ ಡಿಕಾಕ್ಷನ್ ಅದರ ಗುರಿ. ಮೆಲಿಟಾಳ ಸಾಧನದಲ್ಲಿ ಸೋಸುವ ಕೆಲಸ ಕಾಗದದ್ದು. ಬಟ್ಟಲಿನಲ್ಲಿ ಹಾಗೆಯೇ ಕುಡಿಯಬಹುದಾದ ತಿಳಿಗಾಫಿ ಅದರ ಗುರಿ.

ಉಪಾಯ ಫಲಿಸಿದೊಡನೆ ಮೆಲಿಟಾ ಅದನ್ನು ಮನೆಯ ಮಟ್ಟಿಗೆ ಇಟ್ಟುಕೊಂಡು ತೃಪ್ತಳಾಗಲಿಲ್ಲ. 1908ರ ಜೂನ್ 20ರಂದು ಬರ್ಲಿನ್ನಿನ ಚಕ್ರಾಧಿಪತ್ಯದ ಪೇಟೆಂಟ್ ಕಚೇರಿ ಆಕೆಯ ಸಾಧನಕ್ಕೆ ಕಾನೂನಿನ ರಕ್ಷಣೆ ನೀಡಿತು. ಅದೇ ವರ್ಷ ಡಿಸೆಂಬರ್ 15ರಂದು ಆಕೆಯ ಹೆಸರಿನಲ್ಲಿಯೇ ವ್ಯಾಪಾರಸಂಸ್ಥೆಯೊಂದು ದಾಖಲಾಯಿತು. ಅದರ ಮೂಲಬಂಡವಾಳ 73 ಫೆನಿಗ್. ರೂಪಾಯಿಗೆ ಪೈಸೆ ಹೇಗೋ ಜರ್ಮನಿಯ ಮಾರ್ಕಿಗೆ ಫೆನಿಗ್ ಹಾಗೆ. ಎಂದರೆ ಆ ಬಂಡವಾಳ ಒಂದು ಪೂರ್ಣ ಮಾರ್ಕ್ ಕೂಡ ಆಗಿರಲಿಲ್ಲ. ಜರ್ಮನಿಯಲ್ಲಿ ಸ್ತ್ರೀಯರಿಗೆ ಆಗ ಮತದಾನದ ಹಕ್ಕಿರಲಿಲ್ಲ. ವಿವಾಹಿತೆಯ ಆಸ್ತಿಯ ಆಡಳಿತವನ್ನು ಸಾಮಾನ್ಯವಾಗಿ ಗಂಡನಿಗೆ ಒಪ್ಪಿಸುವ ಕಾನೂನು ಜಾರಿಯಲ್ಲಿತ್ತು. ಅಂತಹ ಕಾಲದಲ್ಲಿ ಗೃಹಿಣಿಯೊಬ್ಬಳು ತನ್ನ ಹೆಸರಿನಲ್ಲಿ ಉದ್ಯಮ ತೆರೆದುದು ಸಾಮಾನ್ಯ ಸಾಹಸವಲ್ಲ.

ಮನೆಯ ಕೋಣೆಯೇ ಕಾರ್ಖಾನೆಯಾಯಿತು. ಪಾತ್ರೆಗಳನ್ನು ಮಾಡಿಕೊಡುವ ಹೊಣೆ ಒಬ್ಬ ತಗಡುಗೆಲಸದವನ ಪಾಲಿಗೆ ಬಂದಿತು. ಹ್ಯೂಗೋ ಅಂಗಡಿಗಳಲ್ಲಿ ನಿಂತು, ಹೊಸ ವಿಧಾನದಿಂದ ಕಾಫಿ ಮಾಡಿ ಜನರಿಗೆ ತೋರಿಸುತ್ತಿದ್ದನು. ಗಂಡುಮಕ್ಕಳಿಬ್ಬರೂ ಕೈಗಾಡಿಯಲ್ಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಗಿರಾಕಿಗಳಿಗೆ ತಲಪಿಸುತ್ತಿದ್ದರು. 1909ರಲ್ಲಿ ಲೈಪ್‌ಜಿಗ್ ನಗರದ ಪ್ರಸಿದ್ಧ ವ್ಯಾಪಾರ ಮೇಳದಲ್ಲಿ 1200 ಫಿಲ್ಟರುಗಳು ಮಾರಾಟವಾದವು. ಬಳಿಕ ಪ್ರದರ್ಶನಗಳಲ್ಲಿ ಪದಕಗಳೂ ಲಭಿಸಿದವು. ಕುಟುಂಬದ ಶ್ರಮ ಫಲ ಕೊಡಲಾರಂಭಿಸಿತು.

ಅಷ್ಟರಲ್ಲಿ 1914ರಲ್ಲಿ ಮೊದಲನೆಯ ಮಹಾಯುದ್ಧ ಸಿಡಿಯಿತು. ಈ ಪುಟ್ಟ ಉದ್ಯಮಕ್ಕೆ ಅದು ಮೂರು ಕಡೆಯಿಂದ ಪೆಟ್ಟು ಕೊಟ್ಟಿತು. ಲೋಹವೆಲ್ಲ ಯುದ್ಧದ ಅಗತ್ಯಗಳಿಗೆ ಹೋಯಿತು. ಪಾತ್ರೆ ಮಾಡಲು ತಗಡು ದೊರೆಯದಾಯಿತು. ಕಾಗದಕ್ಕೆ ಪಡಿತರ ಬಂದಿತು. ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ಜರ್ಮನಿಗೆ ಕಾಫಿಬೀಜ ಬರುವುದೇ ನಿಂತುಹೋಯಿತು. ಪಾತ್ರೆಯೂ ಇಲ್ಲ, ಕಾಗದವೂ ಇಲ್ಲ, ಸೋಸುವುದಕ್ಕೆ ಕಾಫಿಯೂ ಇಲ್ಲ! ಇದು ಸಾಲದೆಂಬಂತೆ ಹ್ಯೂಗೋನನ್ನು ಸೈನ್ಯಕ್ಕೆ ಸೇರಿಸಿಕೊಂಡು ರುಮೇನಿಯಕ್ಕೆ ಕಳುಹಿಸಿದರು. ಮಕ್ಕಳ ಹೊಣೆಯೂ ಮುಚ್ಚಿಹೋಗುವಂತಿದ್ದ ಉದ್ಯಮದ ಹೊಣೆಯೂ ಮೆಲಿಟಾ ಒಬ್ಬಳ ಹೆಗಲ ಮೇಲೆ ಬಿದ್ದವು. ಆಕೆ ಧೃತಿಗೆಡಲಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಮಾರಿ ಸಂಸಾರವನ್ನು ಸಾಗಿಸಿದಳು. ಯುದ್ಧ ಮುಗಿಯುವವರೆಗೂ ಕಾದಿದ್ದು, ಬಳಿಕ ಹಳೆಯ ಉದ್ಯಮವನ್ನು ಪುನಃ ಎತ್ತಿ ನಿಲ್ಲಿಸಿದಳು.

1920ರ ದಶಕದಲ್ಲಿ ಫಿಲ್ಟರುಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯೊಡನೆ ಅನುಕರಣೆಗಳೂ ಹುಟ್ಟಿಕೊಂಡವು. ತಮ್ಮ ಸರಕನ್ನು ಜನ ಸುಲಭವಾಗಿ ಗುರುತಿಸಲೆಂದು 1925ರಿಂದ ಕೆಂಪು ಮತ್ತು ಹಸುರು ಬಣ್ಣದ ಹೊದಿಕೆಯನ್ನು ಬಳಕೆಗೆ ತಂದರು. 1928ರ ವೇಳೆಗೆ ಕೆಲಸಗಾರರು ಎರಡು ಪಾಳಿಗಳಲ್ಲಿ ದುಡಿಯಬೇಕಾಯಿತು. ಡ್ರೆಸ್ಡೆನ್ನಿನಲ್ಲಿ ಸ್ಥಳ ಸಾಲದಾದುದರಿಂದ 1929ರಲ್ಲಿ ಕಾರ್ಖಾನೆ ವೆಸರ್ ನದಿಯ ತೀರದ ಮಿಂಡೆನ್ ಪಟ್ಟಣಕ್ಕೆ ವರ್ಗವಾಯಿತು. ಶಂಕುವಿನ ಆಕಾರದ ಫಿಲ್ಟರೂ ಅದಕ್ಕೆ ಒಪ್ಪುವ ಕಾಗದದ ಚೀಲವೂ 1930ರ ದಶಕದಲ್ಲಿ ಬಂದವು.

1932ರಲ್ಲಿ ಮೆಲಿಟಾ ಸಂಸ್ಥೆಯ ಹೆಚ್ಚಿನ ಪಾಲನ್ನು ಗಂಡುಮಕ್ಕಳಿಗೆ ವಹಿಸಿಕೊಟ್ಟಳು. ಆದರೆ ಕೆಲಸಗಾರರ ಯೋಗಕ್ಷೇಮದ ವಿಚಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅವರ ವಾರ್ಷಿಕ ರಜೆ 6 ದಿನಗಳಿಂದ 15 ದಿನಗಳಿಗೆ ಏರಿತು. ವಾರದ ಕೆಲಸ ಐದು ದಿನಗಳಿಗೆ ಇಳಿಯಿತು. ಕ್ರಿಸ್‌ಮಸ್ ಹಬ್ಬಕ್ಕೆ ಬೋನಸ್ ಕೊಡುವ ಪದ್ಧತಿ ಬಂದಿತು. ಕಷ್ಟಕಾಲದಲ್ಲಿ ನೆರವಾಗಲೆಂದು 1938ರಲ್ಲಿ ಒಂದು ಸಹಾಯನಿಧಿಯೂ ಸ್ಥಾಪನೆಯಾಯಿತು. ಮನೆಯ ಕೋಣೆಯಲ್ಲಿ ಕುಳಿತು ತಾನೇ ದುಡಿದಿದ್ದ ಮೆಲಿಟಾ ದುಡಿಯುವವರ ದಣಿವನ್ನು ಬಲ್ಲವಳಾಗಿದ್ದಳು.

ಎರಡನೆಯ ಮಹಾಯುದ್ಧ ಮತ್ತೆ ಎಲ್ಲವನ್ನೂ ಬುಡಮೇಲು ಮಾಡಿತು. ಫಿಲ್ಟರುಗಳ ತಯಾರಿಕೆ ನಿಂತಿತು. ನಾತ್ಸಿ ಸರ್ಕಾರದ ಯುದ್ಧಕ್ಕೆ ಬೇಕಾದ ವಸ್ತುಗಳನ್ನು ಕಾರ್ಖಾನೆ ತಯಾರಿಸಿತು. ಹುಟ್ಟೂರಾದ ಡ್ರೆಸ್ಡೆನ್ 1945ರ ಫೆಬ್ರುವರಿಯ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಮಿಂಡೆನ್ನಿನ ಮುಖ್ಯ ಕಟ್ಟಡವನ್ನು ಮಿತ್ರರಾಷ್ಟ್ರಗಳ ಸೈನ್ಯ ತನ್ನ ಆಡಳಿತಕ್ಕಾಗಿ ವಶಪಡಿಸಿಕೊಂಡಿತು. ಆದರೂ 1948ರಲ್ಲಿ ಫಿಲ್ಟರುಗಳ ತಯಾರಿಕೆ ಪುನಃ ಮೊದಲಾಯಿತು. ತಾನು ನೆಟ್ಟ ಗಿಡ ಎರಡನೆಯ ಸಲ ಚಿಗುರಿದುದನ್ನು ಕಣ್ಣಾರೆ ಕಂಡು, 1950ರ ಜೂನ್ 29ರಂದು, ತನ್ನ 77ನೆಯ ವಯಸ್ಸಿನಲ್ಲಿ ಮೆಲಿಟಾ ಮಿಂಡೆನ್ನಿನ ಸಮೀಪದಲ್ಲಿ ಕಾಲವಾದಳು.

ಆಕೆ ಬದುಕಿರುವವರೆಗೆ ಬಿಸಿನೀರನ್ನು ಕೈಯಿಂದಲೇ ಸುರಿಯುತ್ತಿದ್ದರು. 1954ರಲ್ಲಿ ಗಾಟ್‌ಲೋಪ್ ವಿಡ್ಮಾನ್ ಎಂಬ ಜರ್ಮನ್ ವಿಡ್ಮಾನ್ ವಿದ್ಯುತ್ತಿನಿಂದ ನಡೆಯುವ ವಿಗೊಮಾಟ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದನು. 1972ರಲ್ಲಿ ಅಮೆರಿಕದಲ್ಲಿ ಮಿಸ್ಟರ್ ಕಾಫಿ ಎಂಬ ಯಂತ್ರ ಮಾರಾಟಕ್ಕೆ ಬಂದು ಮನೆಮನೆಗೂ ಹರಡಿತು. ಇಂತಹ ಅಗ್ಗದ ಯಂತ್ರಗಳಲ್ಲಿ ತಂತ್ರ ಬಹು ಸರಳ. ಕೊಳವೆಯ ನೀರು ಕಾದಾಗ ಆವಿಯ ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ. ಆ ನೀರು ಪುಡಿಯ ಮೇಲೆ ಬಿದ್ದು, ಕಾಗದದ ಮೂಲಕ ಕೆಳಗಿಳಿಯುತ್ತದೆ. ನೀರು ಸುರಿಯುವ ಕೈಯ ಬದಲು ಯಂತ್ರ ಬಂದಿತೇ ಹೊರತು ಸೋಸುವ ಕೆಲಸ ಮೆಲಿಟಾ ತೋರಿದ ಕ್ರಮದಲ್ಲಿಯೇ ಉಳಿಯಿತು.

ಯಂತ್ರ ಬಂದರೂ ಗಮನದ ಅಗತ್ಯ ತಪ್ಪಲಿಲ್ಲ. ಅಗ್ಗದ ಯಂತ್ರದಲ್ಲಿ ಮೊದಲು ಬೀಳುವ ನೀರು ಸಾಕಷ್ಟು ಬಿಸಿಯಾಗಿರದು. ಕಾಫಿಯ ಸಾರ ಚೆನ್ನಾಗಿ ಇಳಿಯಲು ನೀರಿನ ಶಾಖ ಸುಮಾರು 92ರಿಂದ 96 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಆದುದರಿಂದ ಮೊದಲು ಪುಡಿಯಿಲ್ಲದೆ ಬರಿಯ ನೀರನ್ನು ಒಮ್ಮೆ ಹಾಯಿಸುವುದು ಲೇಸು. ಯಂತ್ರ ಬೆಚ್ಚಗಾಗುತ್ತದೆ, ಕಾಗದದ ವಾಸನೆಯೂ ತೊಳೆದುಹೋಗುತ್ತದೆ. ಪುಡಿ ಹೊಸದಾಗಿರಬೇಕು, ಒರಟು ಮರಳಿನಷ್ಟು ತರಿಯಾಗಿರಬೇಕು. ತೀರ ನುಣ್ಣಗಿದ್ದರೆ ಕಾಗದ ಕಟ್ಟಿಕೊಂಡು ಕಾಫಿ ಕಹಿಯಾಗುತ್ತದೆ. ತೀರ ದಪ್ಪವಾಗಿದ್ದರೆ ಸಾರವಿಳಿಯದೆ ಹುಳಿಯಾಗುತ್ತದೆ. ಒಂದು ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ ಯೋಗ್ಯ ಪ್ರಮಾಣ. ನೀರು ಒಂದೇ ಕಡೆ ಬೀಳುವ ಯಂತ್ರವಾದರೆ, ಮೊದಲ ನೀರು ಬಿದ್ದೊಡನೆ ಚಮಚದಿಂದ ಮೆಲ್ಲಗೆ ಕಲಕಿ, ಪುಡಿಯೆಲ್ಲ ನೆನೆಯುವಂತೆ ಮಾಡಬೇಕು. ಇಳಿದ ಕಾಫಿಯನ್ನು ಕಾದ ತಟ್ಟೆಯ ಮೇಲೆ ಬಿಟ್ಟರೆ ಕಮರುತ್ತದೆ; ಕೂಡಲೆ ಫ್ಲಾಸ್ಕಿಗೆ ಸುರಿದಿಡಬೇಕು. ಕೊಳವೆಯಲ್ಲಿ ಕಟ್ಟುವ ಸುಣ್ಣದ ಪೊರೆಯನ್ನು ಆಗಾಗ ವಿನಿಗರ್ ಬೆರೆಸಿದ ನೀರಿನಿಂದ ತೊಳೆಯಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಬೇಕಾದುದು ಸ್ವಲ್ಪ ಎಚ್ಚರ, ಸ್ವಲ್ಪ ತಾಳ್ಮೆ.

ಮೆಲಿಟಾಳ ಕಾಗದಕ್ಕೆ ಆಕೆಯೂ ಅರಿಯದ ಗುಣವೊಂದಿತ್ತು. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ದ್ರವ್ಯ ರಕ್ತದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆಂದೂ, ಕಾಗದದ ಫಿಲ್ಟರು ಅದರ ಬಹುಭಾಗವನ್ನು ತಡೆಹಿಡಿಯುತ್ತದೆಂದೂ ವಿಜ್ಞಾನಿಗಳು ಆಕೆಯ ಕಾಲಾನಂತರ ಕಂಡುಕೊಂಡರು. ರುಚಿಗಾಗಿ ಮಾಡಿದ ಉಪಾಯ ಆರೋಗ್ಯಕ್ಕೂ ನೆರವಾಯಿತು.

ಕನ್ನಡದಲ್ಲಿ ಶೋಧಿಸು ಎಂಬ ಮಾತಿಗೆ ಎರಡು ಅರ್ಥಗಳಿವೆ. ಹುಡುಕಿ ಕಂಡುಹಿಡಿಯುವುದು ಒಂದು. ಸೋಸಿ ತಿಳಿಗೊಳಿಸುವುದು ಮತ್ತೊಂದು. ಮೆಲಿಟಾ ಬೆಂಟ್ಸ್ ಎರಡು ಅರ್ಥದಲ್ಲಿಯೂ ಶೋಧಕಿ. ದಿನನಿತ್ಯದ ಸಣ್ಣ ತೊಂದರೆಯನ್ನು ಸಣ್ಣದೆಂದು ಕಡೆಗಣಿಸದೆ, ಅದಕ್ಕೆ ಪರಿಹಾರ ತನ್ನ ಕೈಯಳತೆಯಲ್ಲಿಯೇ ಇರಬಹುದೆಂದು ನಂಬಿ ಹುಡುಕಿದುದು ಆಕೆಯ ಹಿರಿಮೆ. ಎರಡು ಮಹಾಯುದ್ಧಗಳು ಕಸಿದುಕೊಂಡುದನ್ನು ಎರಡು ಸಲವೂ ಮತ್ತೆ ಕಟ್ಟಿದ ಮನೆತನ ಆಕೆಯದು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಆಕೆಯ ಬಾಳು ಒಂದು ಒಳ್ಳೆಯ ನಿದರ್ಶನವಾಗಿದೆ.