ರಾನಾಲ್ಡ್ ರಾಸ್ ಮಹಾಶಯರೂ ಅವರ ಸೂಕ್ಷ್ಮದರ್ಶಕವೂ

ಹೊಸಪೇಟೆ, ಕಂಪ್ಲಿಗಳ ಗದ್ದೆಬಯಲಿನಲ್ಲಿಯೂ, ಹಂಪೆಯ ತುರ್ತಾ ಕಾಲುವೆಯ ದಡದಲ್ಲಿಯೂ, ಸಂಡೂರಿನ ಕಣಿವೆಗಳಲ್ಲಿಯೂ ಬಾಳಿದ ನಮ್ಮ ಹಿರಿಯರಿಗೆ ಚಳಿಜ್ವರವು ಅಪರಿಚಿತವಾಗಿರಲಿಲ್ಲ. ನೀರು ನಿಂತಲ್ಲಿ ಜ್ವರವುಂಟೆಂದು ಅವರು ಬಲ್ಲರು. ಆ ನೀರಿಗೂ ಈ ಜ್ವರಕ್ಕೂ ನಡುವಣ ಕೊಂಡಿ ಯಾವುದೆಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನು ಸೂಕ್ಷ್ಮದರ್ಶಕದ ಮೂಲಕ ಕಂಡವರು ರಾನಾಲ್ಡ್ ರಾಸ್ ಮಹಾಶಯರು. ಶಾಲೆಯ ಪ್ರಯೋಗಶಾಲೆಗೆ ಈ ಯಂತ್ರವನ್ನು ಕೊಡಿಸಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಅವರ ಚರಿತ್ರೆಯನ್ನು ಒಮ್ಮೆ ಓದತಕ್ಕದ್ದು.

ರಾಸರು 1857ನೆಯ ಇಸವಿ ಮೇ 13ರಂದು ಆಲ್ಮೋರದಲ್ಲಿ ಜನಿಸಿದರು. ಕಾವ್ಯ, ಸಂಗೀತಗಳಲ್ಲಿ ಮನಸ್ಸಿಟ್ಟಿದ್ದ ಅವರು ವೈದ್ಯವನ್ನು ಕಲಿತದ್ದು ಸೇನಾಧಿಕಾರಿಯಾಗಿದ್ದ ತಂದೆಯ ಇಚ್ಛೆಯಿಂದ. 1881ರಲ್ಲಿ ಇಂಡಿಯಾದ ವೈದ್ಯಸೇವೆಯನ್ನು ಸೇರಿ, 1883ರಲ್ಲಿ ಬೆಂಗಳೂರಿನ ದಂಡಿಗೆ ಬಂದರು. ಅಲ್ಲಿ ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ಅದನ್ನು ಮಗುಚಿಹಾಕಿಸಲು ಸೊಳ್ಳೆಗಳು ಕಡಮೆಯಾದುವು. ಭೋಜನಶಾಲೆಯ ತೊಟ್ಟಿಗಳಿಗೂ ಹೀಗೆಯೇ ಮಾಡೋಣವೆಂದರೆ ಮೇಲಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ. ಸೊಳ್ಳೆಗಳೂ ಏನೋ ಒಂದು ಉದ್ದೇಶಕ್ಕಾಗಿ ಸೃಷ್ಟಿಯಾದುವೆಂಬುದು ಅವರ ವಾದ!

ಫ್ರಾನ್ಸಿನ ವೈದ್ಯ ಲಾವೆರಾನರು ಆಲ್ಜೀರಿಯದಲ್ಲಿ ಮಲೇರಿಯದ ಪರೋಪಜೀವಿಯನ್ನು ರಕ್ತದಲ್ಲಿ ಕಂಡುದು 1880ರಲ್ಲಿ. ರಾಸರಾದರೋ ಬಹುಕಾಲ ಹುಡುಕಿಯೂ ಅದನ್ನು ಕಾಣದೆ, ಅದು ಇಲ್ಲವೆಂದೇ ಬರೆದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್‌ಸನ್ನರು ರೋಗಿಯ ರಕ್ತವನ್ನು ಗಾಜಿನ ಮೇಲೆ ಸವರಿ ತೋರಿಸಿದ ಬಳಿಕವೇ ಅವರ ಸಂಶಯ ತೊಲಗಿತು. ಹಿಂದೆ ತಪ್ಪಿದ್ದು ಯಂತ್ರವೋ ಕಣ್ಣೋ ಎಂದರೆ, ನನ್ನ ಎಣಿಕೆಯಲ್ಲಿ ಕಣ್ಣೇ ಹೆಚ್ಚು.

1895ರಲ್ಲಿ ಸಿಕಂದರಾಬಾದಿಗೆ ಬಂದ ಅವರನ್ನು ಕಾಲರಾ ನಿವಾರಣೆಗೆಂದು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. 1897ರ ಜೂನಿನಲ್ಲಿ ಸಿಕಂದರಾಬಾದಿಗೆ ಮರಳಿ, ಬೇಗಂಪೇಟೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಕುಳಿತರು. ಹುಸೇನ್ ಖಾನ್ ಎಂಬ ರೋಗಿಯು ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೂ ಒಂದೊಂದು ಆಣೆ ಪಡೆದನು. ಬಿಸಿಲು ಸುಡುತ್ತಿದ್ದರೂ, ಸೀಳಿಟ್ಟ ಸೊಳ್ಳೆಗಳು ಹಾರಿಹೋದಾವೆಂದು ಪಂಖವನ್ನು ಎಳೆಸುವಂತಿರಲಿಲ್ಲ. ಹಣೆಯ ಬೆವರಿನಿಂದ ಯಂತ್ರದ ತಿರುಪುಗಳು ತುಕ್ಕುಹಿಡಿದಿದ್ದುವು. ಉಳಿದಿದ್ದ ಒಂದೇ ಐಪೀಸು ಸೀಳುಬಿಟ್ಟಿತ್ತು. ಹಾಗಿದ್ದೂ ಆಗಸ್ಟ್ 20ರಂದು ಅನಾಫಿಲೀಸ್ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಕಪ್ಪುಕಣಗಳುಳ್ಳ ಗುಂಡು ಕೋಶಗಳು ಕಂಡುವು. ಮರುದಿನದ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡವಾಗಿದ್ದುವು. ಎಂದರೆ ಅವು ಬೆಳೆಯುತ್ತಿದ್ದುವು.

ಸೀಳಿದ ಐಪೀಸಿನಿಂದ ಕಂಡದ್ದು ಹೇಗೆ? ಐಪೀಸು ಚಿತ್ರವನ್ನು ಹಿಗ್ಗಿಸುತ್ತದೆ. ಚಿತ್ರದ ವಿವರವನ್ನು ಹುಟ್ಟಿಸುವುದು ವಸ್ತುವಿನ ಮೇಲೆ ಬಾಗಿರುವ ಆಬ್ಜೆಕ್ಟಿವ್ ಮಸೂರ. ನಮ್ಮ ಕೆಂಪು ರಕ್ತಕಣದ ಅಡ್ಡಳತೆ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 7 ಪಾಲು. ಎಳೆಯ ಪರೋಪಜೀವಿಯು ಅದರೊಳಗಣ ಒಂದು ಪುಟ್ಟ ಉಂಗುರ. ಇದನ್ನು ಕಾಣಲು ಎಣ್ಣೆಯ ಹನಿಯಲ್ಲಿ ಮುಳುಗಿಸಿ ನೋಡುವ 100 ಪಟ್ಟಿನ ಆಬ್ಜೆಕ್ಟಿವ್ ಬೇಕು. 10 ಪಟ್ಟಿನ ಐಪೀಸು ಸೇರಿದರೆ 1000 ಪಟ್ಟು. ಅಗ್ಗದ ಪೆಟ್ಟಿಗೆಗಳ ಮೇಲೆ 2000 ಪಟ್ಟೆಂದು ಅಚ್ಚುಮಾಡಿರುವುದನ್ನು ನಂಬಬಾರದು; ಅಲ್ಲಿ ಹಿಗ್ಗುವುದು ಮಸಕೇ ಹೊರತು ವಿವರವಲ್ಲ.

ಆದುದರಿಂದ ಹಣವನ್ನು ಹೊಳಪಿಗೆ ಸುರಿಯದೆ ಮಸೂರಕ್ಕೂ, ಬೆಳಕನ್ನು ಕೂಡಿಸುವ ಕಂಡೆನ್ಸರಿಗೂ, ನವುರಾದ ತಿರುಪಿಗೂ ಕೊಡಬೇಕು. ರಕ್ತ ಸವರಿದ ಗಾಜನ್ನು ಅಂಗಡಿಗೇ ಒಯ್ದು ನೋಡುವುದು ಲೇಸು. ಕಣಗಳ ಅಂಚಿನಲ್ಲಿ ಬಣ್ಣದ ಗೆರೆ ಮೂಡಿದರೂ, ಕೈಬಿಟ್ಟ ಮೇಲೆ ಚಿತ್ರ ತಾನಾಗಿ ಮಸಕಾದರೂ, ಮಸೂರವನ್ನು ಬದಲಿಸಿದಾಗ ವಸ್ತು ನಡುವಿನಿಂದ ಜಾರಿದರೂ ಆ ಯಂತ್ರವನ್ನು ಬಿಟ್ಟುಬರತಕ್ಕದ್ದು. ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಷ್ಟು ಬೆಳೆಯುವುದರಿಂದ, ತೇವ ಹೀರುವ ಸಿಲಿಕಾ ಹರಳುಗಳನ್ನು ಪೆಟ್ಟಿಗೆಯಲ್ಲಿಡಬೇಕು. ನೋಡಿ ಮುಗಿಸಿದೊಡನೆ ಎಣ್ಣೆಯನ್ನು ಒರೆಸಬೇಕು.

1898ರಲ್ಲಿ ರಾಸರು ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಪರೀಕ್ಷಿಸಿ, ಪರೋಪಜೀವಿಯು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಿ ಕಡಿತದಿಂದ ಹರಡುವುದೆಂದು ತೋರಿಸಿದರು. ಮನುಷ್ಯರ ಮಲೇರಿಯದಲ್ಲಿ ಅದನ್ನು ಪೂರ್ಣವಾಗಿ ಕಂಡವರು ಇಟಲಿಯ ಗ್ರಾಸಿ ಮೊದಲಾದವರು. ಕೀರ್ತಿಗಾಗಿ ಇವರೊಳಗೆ ನಡೆದ ಕಲಹವು ಶೋಭಿಸುವಂಥದಲ್ಲ. 1902ರಲ್ಲಿ ರಾಸರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1932ನೆಯ ಇಸವಿ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.