ಡೀಸೆಲ್ ಅನ್ನೋ ಮನುಷ್ಯ

ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಂ ಪರೀಕ್ಷೆಗೆ ಬರೆದವರು ನಮ್ಮಲ್ಲಿ ಬಹಳ ಜನ. ಆದರೆ ಡೀಸೆಲ್ ಅಂದ್ರೆ ಎಣ್ಣೆಗಿಂತ ಮೊದಲು ಒಬ್ಬ ಮನುಷ್ಯ ಅನ್ನೋದು ಮರೆತೇ ಹೋಗುತ್ತೆ. ರೈಲಿಗೆ ಡೀಸೆಲ್ ಸಾಕಾ, ಕರೆಂಟೇ ಬೇಕಾ ಅಂತ ಮೆಸ್ಸಿನಲ್ಲಿ ವಾದ ಮಾಡುವಾಗಲೂ ಆತನ ನೆನಪು ನಮಗೆ ಬರಲ್ಲ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆತಾಯಿ ಜರ್ಮನರು. 1870ರಲ್ಲಿ ಯುದ್ಧ ಶುರುವಾದಾಗ ಮನೆಮಂದಿಯೆಲ್ಲ ಲಂಡನ್ನಿಗೆ ಹೋಗಬೇಕಾಯ್ತು. ಹುಡುಗ ಅಲ್ಲಿಂದ ಆಗ್ಸ್‌ಬರ್ಗ್‌ನ ನೆಂಟರ ಮನೆ ಸೇರಿದ. ಮುಂದೆ ಮ್ಯೂನಿಕ್‌ನಲ್ಲಿ ಓದು. ರೆಫ್ರಿಜರೇಶನ್‌ನಲ್ಲಿ ನಾವು ಹೆಸರು ಕೇಳುವ ಕಾರ್ಲ್ ಲಿಂಡೆಯೇ ಮೇಷ್ಟ್ರು. ಆಗಿನ ಸ್ಟೀಮ್ ಎಂಜಿನ್ ಉರಿಸಿದ ಕಲ್ಲಿದ್ದಲಿನಲ್ಲಿ ನೂರಕ್ಕೆ ಹತ್ತರಷ್ಟು ಶಕ್ತಿಯನ್ನು ಕೆಲಸಕ್ಕೆ ತಂದರೆ ಹೆಚ್ಚು. ಈ ಪೋಲು ಆತನ ತಲೆಯಲ್ಲಿ ಕೂತುಬಿಟ್ಟಿತು.

ಕಿಡಿಯೇ ಬೇಡ, ಗಾಳಿಯನ್ನು ಜೋರಾಗಿ ಒತ್ತಿದರೆ ಆ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತೆ ಅನ್ನೋದು ಐಡಿಯಾ. 1893ರ ಮೊದಲ ಪ್ರಯೋಗದಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದು, ಆತ ಬದುಕಿದ್ದೇ ಹೆಚ್ಚು. 1897ರ ಎಂಜಿನ್ ಸುಮಾರು 26 ಶೇಕಡಾ ದಕ್ಷತೆ ತೋರಿಸಿತು. ದುಡ್ಡು ಬಂತು, ಹೆಸರೂ ಬಂತು. ದುಡ್ಡು ನಿಲ್ಲಲಿಲ್ಲ.

ನಮಗೆ ಮುಖ್ಯವಾದದ್ದು 1912. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಸುಲ್ಜರ್ ಕಂಪನಿಯ ಜೊತೆ ಸೇರಿ ಡೀಸೆಲ್ ಒಂದು ರೈಲು ಎಂಜಿನ್ ಹಳಿಗಿಳಿಸಿದ. ಹೆಚ್ಚುಕಡಿಮೆ ಸಾವಿರ ಹಾರ್ಸ್‌ಪವರ್. ಎಂಜಿನ್ನಿಗೂ ಗಾಲಿಗೂ ನೇರ ಸಂಬಂಧ, ನಡುವೆ ಕ್ಲಚ್ಚಿಲ್ಲ, ಗೇರಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ. ಎಂಜಿನ್ ತಿರುಗದೆ ಕಂಪ್ರೆಶನ್ ಇಲ್ಲ, ಕಂಪ್ರೆಶನ್ ಇಲ್ಲದೆ ಬೆಂಕಿ ಇಲ್ಲ. ಆದರೆ ನಿಂತ ರೈಲಿಗೆ ಹೊರಡುವಾಗಲೇ ಎಲ್ಲಕ್ಕಿಂತ ಹೆಚ್ಚು ಎಳೆತ ಬೇಕು. ಹಾಗಾಗಿ ಕಂಪ್ರೆಸ್ಡ್ ಗಾಳಿ ತುಂಬಿ ತಳ್ಳಬೇಕಿತ್ತು. ಓಡಿತು, ಕೆಟ್ಟಿತು, ಬಳಕೆಗೆ ಬರಲೇ ಇಲ್ಲ. ಅದೇ 1912ರಲ್ಲಿ ಜರ್ಮನ್ ರಾಜ್ಯಗಳ ರೈಲ್ವೆಗಳು ತಂತಿಯಲ್ಲಿ 15,000 ವೋಲ್ಟ್ ಅಂತ ಒಪ್ಪಂದ ಮಾಡಿಕೊಂಡವು. ಅಲ್ಲಿ ಇವತ್ತಿಗೂ ಅದೇ ವೋಲ್ಟೇಜ್.

ಆಮೇಲೆ ಡೀಸೆಲ್ ರೈಲನ್ನು ಉಳಿಸಿದ್ದು ಯಾರು? ಎಲೆಕ್ಟ್ರಿಕ್ ಮೋಟಾರ್! ಡೀಸೆಲ್ ಎಂಜಿನ್ ಜನರೇಟರ್ ತಿರುಗಿಸುತ್ತೆ, ಗಾಲಿ ತಿರುಗಿಸೋದು ಮೋಟಾರ್. 1964ರಿಂದ ವಾರಾಣಸಿಯಲ್ಲಿ ತಯಾರಾದ ನಮ್ಮ ಡಬ್ಲ್ಯುಡಿಎಂ-2 ಕೂಡ ಹಾಗೇ. ಅಂದ್ರೆ ಡೀಸೆಲ್ ರೈಲು ಅನ್ನೋದು ಪವರ್ ಸ್ಟೇಶನ್ನನ್ನು ಬೆನ್ನ ಮೇಲೆ ಹೊತ್ತ ಎಲೆಕ್ಟ್ರಿಕ್ ರೈಲು. ದಿನಕ್ಕೆ ಹತ್ತಾರು ರೈಲು ಓಡುವ ಲೈನಿನಲ್ಲಿ ಈ ಹೊರೆ ಯಾಕೆ ಅನ್ನೋದು ನಮ್ಮ ಪ್ರಶ್ನೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಂಥ ಕಡೆ ಎಲೆಕ್ಟ್ರಿಕ್ ಎಂಜಿನ್ ಬ್ರೇಕ್ ಹಾಕುತ್ತಲೇ ತಂತಿಗೆ ಕರೆಂಟ್ ವಾಪಸ್ ಕೊಡಬಲ್ಲದು. ಡೀಸೆಲ್ ಎಂಜಿನ್ನಿನಲ್ಲಿ ಅದು ಶಾಖವಾಗಿ ಗಾಳಿಗೆ ಹೋಗುತ್ತೆ. ತಂತಿ ಹರಿದಾಗ, ನೆರೆ ಬಂದಾಗ ಕರೆಯೋದು ಡೀಸೆಲ್ಲನ್ನೇ, ಅದೂ ನಿಜ. ಅಷ್ಟಕ್ಕೆ ಒಂದಿಷ್ಟು ಇರಲಿ. ಪೋಲು ಕಂಡರಾಗದ ಆ ಮನುಷ್ಯ ಇವತ್ತು ಲೆಕ್ಕ ಹಾಕಿದ್ದರೆ ತಂತಿಯ ಪರವೇ ನಿಲ್ಲುತ್ತಿದ್ದ ಅಂತ ನಮಗನಿಸುತ್ತೆ.

1913ರ ಸೆಪ್ಟೆಂಬರ್ 29ರ ಸಂಜೆ ಆತ ಆಂಟ್ವರ್ಪ್‌ನಲ್ಲಿ ಇಂಗ್ಲೆಂಡಿಗೆ ಹೋಗುವ ಡ್ರೆಸ್ಡೆನ್ ಅನ್ನೋ ಸ್ಟೀಮರ್ ಹತ್ತಿದ. ತಲೆಯ ಮೇಲೆ ಸಾಲ ಬೆಳೆದಿತ್ತು. ರಾತ್ರಿ ಊಟ ಮುಗಿಸಿ ಕ್ಯಾಬಿನ್ನಿಗೆ ಹೋದವನು ಬೆಳಿಗ್ಗೆ ಅಲ್ಲಿರಲಿಲ್ಲ. ಕೆಲವು ದಿನಗಳ ಮೇಲೆ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನಲ್ಲಿದ್ದ ವಸ್ತುಗಳನ್ನಷ್ಟೇ ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಆ ವಸ್ತುಗಳನ್ನು ನೋಡಿ ಗುರುತು ಹಿಡಿದದ್ದು ಮಗ.