ಪೂವಿನಬಾಗೆಯ ರಾಜಾದಿತ್ಯ

ಚಿಕ್ಕೋಡಿಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದ ದಿನಗಳಲ್ಲಿ ರಾಯಬಾಗವೆಂದರೆ ನನಗೆ ಕಬ್ಬಿನ ಬಾಕಿ, ಕಾಲುವೆ ನೀರಿನ ತಕರಾರು ಹಾಗೂ ಉತಾರ ತಿದ್ದುಪಡಿಯ ಊರಾಗಿತ್ತು. ಕನ್ನಡದ ಮೊದಲ ಗಣಿತ ಗ್ರಂಥಕಾರ ರಾಜಾದಿತ್ಯನ ಪೂವಿನಬಾಗೆಯನ್ನು ವಿದ್ವಾಂಸರು ಇದೇ ರಾಯಬಾಗವೆಂದು ಗುರುತಿಸಿದ್ದಾರೆಂಬುದು ತಿಳಿದದ್ದು ನಿವೃತ್ತಿಯ ಅನಂತರ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಇದು ಮುಜುಗರದ ಸಂಗತಿಯೇ.

12ನೇ ಶತಮಾನದ ರಾಜಾದಿತ್ಯ ಜೈನ ಕವಿ. ತಂದೆ ಶ್ರೀಪತಿ, ತಾಯಿ ವಸಂತೆ, ಪತ್ನಿ ಕನಕಮಾಲೆ, ಗುರು ಶುಭಚಂದ್ರ. ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿದ್ದನೆಂಬುದು ಕವಿಚರಿತೆಕಾರರ ಅಭಿಪ್ರಾಯ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ಕನ್ನಡದ ‘ಲೀಲಾವತಿ’ ಅವನ ಕೃತಿಗಳಲ್ಲಿ ಕೆಲವು.

ಅವನ ಬೆನ್ನಿಗೆ ದೊಡ್ಡ ಪರಂಪರೆಯಿತ್ತು. ಸುಮಾರು 300 ವರ್ಷ ಮೊದಲು, ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ವರ್ಗಸಮೀಕರಣಗಳನ್ನು ಬಿಡಿಸಿ ತೋರಿಸಿದ್ದ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಸ್ಪಷ್ಟಪಡಿಸಿದ್ದ. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ, ಹೀಗೆ ಆರರವರೆಗೆ ಬೆರೆಸಿದರೆ ಎಷ್ಟು ಬಗೆಯಾಗುತ್ತದೆಂಬ ಅವನ ಲೆಕ್ಕಕ್ಕೆ ಉತ್ತರ 6, 15, 20, 15, 6, 1, ಒಟ್ಟು 63. ಯಾವ ರಸವೂ ಇಲ್ಲದ 1ನ್ನು ಮೊದಲಿಗಿಟ್ಟರೆ, ಎರಡು ಪದಗಳ ಮೊತ್ತವನ್ನು ಆರನೇ ಘಾತಕ್ಕೇರಿಸಿ ವಿಸ್ತರಿಸಿದಾಗ ಬರುವ ಸಹಗುಣಕಗಳು ಇವೇ. ಪಿಯುಸಿ ಮಕ್ಕಳು ದ್ವಿಪದ ಪ್ರಮೇಯದಲ್ಲಿ ಉರುಹೊಡೆಯುವುದೂ ಇವನ್ನೇ. ಷಡ್ರಸದ ಸುದ್ದಿಯನ್ನು ಮಾತ್ರ ಅವರಿಗೆ ಯಾರೂ ಹೇಳುವುದಿಲ್ಲ.

ರಾಜಾದಿತ್ಯ ಅಂಥ ಮೂಲಶೋಧಕನಲ್ಲ. ಅಭಿಮಾನಕ್ಕಾಗಿ ಹಾಗೆ ಹೊಗಳಬೇಕಾಗಿಯೂ ಇಲ್ಲ. ಪಂಡಿತರ ಪಾಲಿಗಿದ್ದ ಶಾಸ್ತ್ರವನ್ನು ಅವನು ಕನ್ನಡಕ್ಕಿಳಿಸಿದ. ಸೂತ್ರವನ್ನು ಪದ್ಯದಲ್ಲಿಟ್ಟು, ಗದ್ಯದಲ್ಲಿ ಅರ್ಥ ಬಿಡಿಸಿ, ಉದಾಹರಣೆಯನ್ನೂ ಕೊಟ್ಟ. ಪದ್ಯ ಬಾಯಿಪಾಠಕ್ಕೆ, ಗದ್ಯ ತಿಳಿವಳಿಕೆಗೆ. ತ್ರೈರಾಶಿ, ಪಂಚರಾಶಿ, ಬಡ್ಡಿಯ ಲೆಕ್ಕಗಳೆಲ್ಲ ಹೀಗೆ ಸಂಸ್ಕೃತ ಬಾರದ ವರ್ತಕನಿಗೂ ಕರಣಿಕನಿಗೂ ಎಟುಕುವಂತಾದವು. ಬಡ್ಡಿಯನ್ನು ತಾನೇ ಎಣಿಸಬಲ್ಲ ಸಾಲಗಾರನನ್ನು ಮೋಸಗೊಳಿಸುವುದು ಸುಲಭವಲ್ಲ. ಈ ದೃಷ್ಟಿಯಿಂದ ‘ವ್ಯವಹಾರಗಣಿತ’ವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ನೋಡಿದ್ದು ಕಡಿಮೆ, ಶಾಸ್ತ್ರಗ್ರಂಥವೆಂದು ಹೆಸರಿಸಿ ಮುಂದೆ ಸಾಗುತ್ತವೆ.

ನಿಪ್ಪಾಣಿ ಕಡೆಯ ತಂಬಾಕು ಬೆಳೆಗಾರರು, ಅಥಣಿ, ಕಾಗವಾಡ ಕಡೆಯ ಕಬ್ಬಿನ ರೈತರು ಸಾಲದ ಚೀಟಿ ಹಿಡಿದು ನನ್ನ ಕಚೇರಿಗೆ ಬರುತ್ತಿದ್ದರು. ಅಸಲೆಷ್ಟು, ಬಡ್ಡಿಯೆಷ್ಟು ಎಂಬುದೇ ಅವರ ಪ್ರಶ್ನೆ. ಅದಕ್ಕೆ ಬೇಕಾದ ಪಂಚರಾಶಿಯನ್ನು ಅದೇ ನೆಲದವನೊಬ್ಬ ಅವರದೇ ಭಾಷೆಯಲ್ಲಿ ಎಂಟು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದನೆಂದು ನನಗಾಗ ಗೊತ್ತಿರಲಿಲ್ಲ. ಕ್ಯಾಲ್ಕುಲೇಟರ್ ಒತ್ತಿ, ಉತ್ತರ ಹೇಳಿ ಕಳಿಸಿಬಿಡುತ್ತಿದ್ದೆ.